ಎಪ್ಪತ್ತೇಳು ಕಿಲೋ

ನನ್ನ ಗಂಡ ತೀರಿಕೊಂಡು ಏಳು ತಿಂಗಳಾಯಿತು. ಬಾಕ್ಸಿಂಗ್ ಹಾಲಿನವರು ಈ ವರ್ಷದ ಪುಸ್ತಕಕ್ಕೆ ಅವರ ಬಗ್ಗೆ ಬರೆದುಕೊಡಿ ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಜೀವನದಲ್ಲಿ ಬರೆದದ್ದು ಅಂದರೆ ಹಾಸುಬಟ್ಟೆಯ ಮೂಲೆಯಲ್ಲಿ ವಾರ್ಡಿನ ನಂಬರು. ಬಂದ ಹಾಗೆ ಬರೆಯುತ್ತೇನೆ.

ಅವರು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದರು. ನಾನು ಅಲ್ಲೇ ಪಕ್ಕದ ಹೊಲಿಗೆ ಕೋಣೆಯಲ್ಲಿ. ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಯಾವಾಗಲೂ ಹಬೆ. ಬೆಳಗ್ಗೆ ಬಾಗಿಲು ತೆಗೆದರೆ ಒಳಗೆ ಮನುಷ್ಯರು ಕಾಣುತ್ತಿರಲಿಲ್ಲ. ಕೈಗಳು ಕಾಣುತ್ತಿದ್ದವು. ಬಿಳಿ ಹಬೆಯಿಂದ ಎರಡು ಕೈ ಹೊರಗೆ ಬರುವುದು, ಒದ್ದೆ ಹಾಸುಬಟ್ಟೆ ಎಳೆಯುವುದು, ಮತ್ತೆ ಒಳಗೆ ಹೋಗುವುದು. ನಾನು ಅವರ ಮುಖ ನೋಡುವ ಮೊದಲು ಕೈ ನೋಡಿದ್ದು. ಆಮೇಲೆ ಮುಖ ನೋಡಿದೆ. ಕೈಯೇ ಚೆನ್ನಾಗಿತ್ತು.

ಹಾಲಿನಲ್ಲಿ ಅವರನ್ನು ಹಬೆ ಎಂದೇ ಕರೆಯುತ್ತಿದ್ದರು. ಲಾಂಡ್ರಿಯವನು ಅಂತ ಒಂದು. ಹೊಡೆಯಲು ಹೋದರೆ ಸಿಗುತ್ತಿರಲಿಲ್ಲ, ಅದಕ್ಕೆ ಇನ್ನೊಂದು.

ಬಾಕ್ಸಿಂಗ್ ಹಾಲ್ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಇಂದಿಗೂ ಅಲ್ಲೇ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಬೆವರಿನ ವಾಸನೆ. ಒಳಗೆ ಗೋಡೆಗೆ ಒಂದು ಮರದ ಹಲಗೆ. ಅದರಲ್ಲಿ ಪ್ರತಿ ವರ್ಷದ ಹೆವಿವೇಯ್ಟ್ ಚಾಂಪಿಯನ್ನಿನ ಹೆಸರು, ಬಿಳಿ ಬಣ್ಣದಲ್ಲಿ. ನನ್ನ ಗಂಡನ ಹೆಸರು ಮೇಲಿನಿಂದ ಹನ್ನೊಂದನೆಯದಾಗಿತ್ತು.

ಆ ಹೆಸರು ಅಲ್ಲಿ ಹೇಗೆ ಬಂತು ಎಂದು ಇಬ್ಬರಿಗೆ ಗೊತ್ತಿತ್ತು. ಅವರಿಗೆ ಮತ್ತು ನನಗೆ.

ಹೆವಿವೇಯ್ಟಿಗೆ ಎಂಬತ್ತೊಂದು ಕಿಲೋ ದಾಟಿರಬೇಕು. ಅದಕ್ಕಿಂತ ಕಡಿಮೆ ಇದ್ದವನನ್ನು ರಿಂಗಿಗೆ ಬಿಡುವುದಿಲ್ಲ. ಚಿಕ್ಕವನು ದೊಡ್ಡವನ ಕೈಯಲ್ಲಿ ಸತ್ತುಹೋದಾನು ಎಂಬ ಭಯಕ್ಕೆ ಮಾಡಿದ ರೂಲು. ಆ ವರ್ಷ ಆಸ್ಪತ್ರೆಯ ತಂಡದಲ್ಲಿ ಹೆವಿವೇಯ್ಟ್ ಇರಲಿಲ್ಲ. ಕೆಳಗಿನ ತೂಕದಲ್ಲಿ ಆಗಲೇ ಒಬ್ಬ ಇದ್ದ. ಕೋಚ್ ನನ್ನ ಗಂಡನ ಹೆಗಲು ತಟ್ಟಿ, "ನೀನು ಮೇಲೆ ಹೋಗು, ತಿಂದು ದಪ್ಪ ಆಗು" ಎಂದರು. ಅವರು ತಿಂದರು. ತಿಂದಿದ್ದೆಲ್ಲ ಲಾಂಡ್ರಿಯ ಹಬೆಯಲ್ಲಿ ಕರಗಿಹೋಯಿತು. ಎಪ್ಪತ್ತೇಳು ಕಿಲೋ ಇದ್ದವರು ಎಪ್ಪತ್ತೇಳೇ ಉಳಿದರು.

ಆಸ್ಪತ್ರೆಯ ಕಿಟಕಿ ಪರದೆಗಳ ಅಂಚಿನಲ್ಲಿ ಸೀಸದ ಗುಂಡುಗಳ ಸರ ಇರುತ್ತದೆ. ಗಾಳಿಗೆ ಹಾರಬಾರದು ಎಂದು ಹಾಕಿರುತ್ತಾರೆ. ಪರದೆ ಹರಿದರೆ ಬಟ್ಟೆ ನೆಲ ಒರೆಸಲಿಕ್ಕೆ ಹೋಗುತ್ತದೆ, ಸೀಸ ನನ್ನ ಡಬ್ಬಿಗೆ ಬರುತ್ತದೆ. ಆ ಸೀಸವನ್ನು ನಾನು ಅವರ ಚಡ್ಡಿಯ ಸೊಂಟಪಟ್ಟಿಯೊಳಗೆ ಎರಡು ಸುತ್ತು ಹೊಲಿದೆ. ಎರಡು ಕಿಲೋದ ಮೇಲೆ ಸ್ವಲ್ಪ. ಎರಡು ಲೀಟರ್ ನೀರು ಕುಡಿದರು. ಹೋಗಿ ತೂಕದ ಮೇಲೆ ನಿಂತರು.

ಮೊದಲನೇ ಸಲ ನನ್ನ ಹೊಲಿಗೆ ಸಡಿಲವಾಗಿತ್ತು. ಅವರು ಹತ್ತುವಾಗ ಕಟ್ ಕಟ್ ಅಂತ ಶಬ್ದ ಬಂತು. ತೂಕ ನೋಡುವವರು ತಲೆ ಎತ್ತಿದರು.

"ಏನಯ್ಯಾ ಅದು?"

"ಮೊಣಕಾಲು ಸಾರ್."

"ಈ ವಯಸ್ಸಿಗೇನಾ? ಎಣ್ಣೆ ಹಚ್ಚಯ್ಯಾ."

ಮುಂದಿನ ಸಲ ನಾನು ಸೀಸಕ್ಕೆ ಹತ್ತಿ ಸುತ್ತಿ ಹೊಲಿದೆ. ಹೀಗೆ ನಾಲ್ಕು ವರ್ಷ. ಬೆಳಗ್ಗೆ ತೂಕ, ಮಧ್ಯಾಹ್ನ ನಾನು ಹೊಲಿಗೆ ಬಿಚ್ಚುವುದು, ಸಂಜೆ ಅವರು ಹಗುರಾಗಿ ರಿಂಗಿಗೆ ಇಳಿಯುವುದು. ಮೂರನೇ ವರ್ಷ ಫೈನಲ್ ಗೆದ್ದರು. ಸೋತವರು ಗೋದಾಮಣ್ಣ.

ಗೋದಾಮಣ್ಣ ಆಗ ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದರು. ತೊಂಬತ್ತಾರು ಕಿಲೋ. ನೋಡಲಿಕ್ಕೂ ಗೋದಾಮಿನಂತೆಯೇ ಇದ್ದರು, ಮುಂದೆ ಒಂದು ಬಾಗಿಲು ಇಟ್ಟರೆ ಸಾಕು. ಫೈನಲಿನಲ್ಲಿ ಎರಡು ಸಲ ನೆಲಕ್ಕೆ ಬಿದ್ದರು. ಮರುದಿನ ಬೆಳಗ್ಗೆ ಊದಿದ ಮುಖ ಹೊತ್ತು ನಮ್ಮ ಮನೆಗೆ ಬಂದು, "ಆ ಎಡಗೈ ಹೊಡೆತ ಇನ್ನೊಂದು ಸಲ ತೋರ್ಸೋ" ಎಂದರು. ಅಂದಿನಿಂದ ಗೆಳೆತನ. ನಲವತ್ತು ವರ್ಷ ನಮ್ಮ ಅಡುಗೆಮನೆಯ ಸ್ಟೂಲು ಅವರದ್ದೇ. ಯಾರು ಸಿಕ್ಕರೂ ಒಂದೇ ಮಾತು: "ಜೀವನದಲ್ಲಿ ನನ್ನನ್ನ ಕೆಡವಿದವನು ಒಬ್ಬನೇ. ಅವನೂ ನನ್ನಂಥ ಭಾರದವನೇ." ಆ ಮಾತು ಬಂದಾಗಲೆಲ್ಲ ನನ್ನ ಗಂಡ ಲೋಟದೊಳಗೆ ನೋಡುತ್ತಿದ್ದರು. ನಾನು ಪಾತ್ರೆ ಸದ್ದು ಮಾಡುತ್ತಿದ್ದೆ.

ಹೇಳಿಬಿಡೋಣ ಎಂದು ಅವರು ಎಷ್ಟೋ ಸಲ ಅಂದರು. ಬೇಡ ಎಂದವಳು ನಾನು. ಹೇಳಿದರೆ ಹಲಗೆಯಿಂದ ಹೆಸರು ಹೋಗುತ್ತದೆ, ಸ್ಟೂಲಿನಿಂದ ಗೋದಾಮಣ್ಣ ಹೋಗುತ್ತಾರೆ. ನಮಗೆ ಇದ್ದದ್ದು ಅವೆರಡೇ. ಮಕ್ಕಳಿರಲಿಲ್ಲ.

ಕಳೆದ ವರ್ಷ ಗೋದಾಮಣ್ಣನ ಮೊಮ್ಮಗಳು ಹಾಲಿನ ಕಾರ್ಯದರ್ಶಿ ಆದಳು. ಅವಳೂ ಗ್ಲೌಸ್ ಹಾಕುತ್ತಾಳೆ. ಗಟ್ಟಿ ಹುಡುಗಿ. ಅವಳ ಕಂಪ್ಯೂಟರಿನಲ್ಲಿ ಒಂದು ಆಟ ಇದೆ. ಹಳೆಯ ಬಾಕ್ಸರನ ಎತ್ತರ, ತೋಳಿನ ಉದ್ದ, ತೂಕ, ಎಷ್ಟು ಗೆದ್ದ, ಎಷ್ಟು ಸೋತ ಎಲ್ಲ ತುಂಬಿಸಿದರೆ ಅವನನ್ನು ಈಗಿನ ಚಾಂಪಿಯನ್ನಿನ ಜೊತೆ ಹೊಡೆದಾಡಿಸುತ್ತದೆ. ಹಲಗೆಯ ಮೇಲಿನ ಹಳಬರನ್ನೆಲ್ಲ ಆಡಿಸಿ ಪುಸ್ತಕದಲ್ಲಿ ಹಾಕೋಣ ಎಂದಳು. ಎದುರಾಳಿ, ಈಗ ಟೀವಿಯಲ್ಲಿ ಬರುತ್ತಾನಲ್ಲ, ಹುಡುಗರು ಕ್ರೇನ್ ಎಂದು ಕರೆಯುವವನು. ಎರಡು ಮೀಟರ್ ಎತ್ತರ. ನೂರಹದಿಮೂರು ಕಿಲೋ.

ಹಲಗೆಯ ಮೇಲೆ ಹೆಸರಿಲ್ಲದಿದ್ದರೂ ತಾತ ಎಂದು ಮೊದಲು ಗೋದಾಮಣ್ಣನನ್ನು ಆಡಿಸಿದಳು. ಎರಡನೇ ರೌಂಡಿಗೆ ಬಿದ್ದರು.

"ನಿನ್ನ ಮಷೀನಿಗೆ ನನ್ನ ಬಲಗೈ ಗೊತ್ತಿಲ್ಲ ಕಣೇ" ಎಂದರು ಗೋದಾಮಣ್ಣ.

"ತಾತ, ಎಲ್ಲಾ ಹಾಕಿದೀನಿ."

"ಸಿಟ್ಟು ಹಾಕಿದ್ಯಾ? ಅದಕ್ಕೆಲ್ಲಿ ಜಾಗ ಇದೆ ತೋರ್ಸು."

ಎಲ್ಲರೂ ನಕ್ಕರು. ಆಮೇಲೆ ಅವಳು ನನ್ನ ಗಂಡನ ಕಡೆ ತಿರುಗಿ, "ಅಜ್ಜ, ಈಗ ನಿಮ್ಮದು" ಎಂದಳು. ಅವರು, "ಇವತ್ತು ಬೇಡಮ್ಮ. ನಾನಿನ್ನೂ ರೆಡಿ ಆಗಿಲ್ಲ" ಎಂದರು. ಕಂಪ್ಯೂಟರ್ ಆಟಕ್ಕೂ ರೆಡಿ ಆಗಬೇಕಾ ಎಂದು ಹುಡುಗರು ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ.

ಆಗಲೇ ಅವರಿಗೆ ಕಾಯಿಲೆ ಒಳಗೆ ಕೂತಿತ್ತು. ಊಟ ಮಾಡಿ ಮಧ್ಯಾಹ್ನ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗುತ್ತಿದ್ದರು. ನಾನು ನೆಲದಲ್ಲಿ ಕೂತು ಹೊಲಿಯುತ್ತಿದ್ದೆ. ಕಿಟಕಿಯ ಬಿಸಿಲು ನಿಧಾನವಾಗಿ ಅವರ ಕಾಲ ಮೇಲೆ ಹತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಕಾಲು ಆಡಲು ಶುರುವಾಗುತ್ತಿತ್ತು. ಬಲಗಾಲು ಹಿಂದೆ, ಎಡಗಾಲು ಮುಂದೆ. ಹೊದಿಕೆಯೊಳಗೆ ಮುಷ್ಟಿ. ಎದ್ದ ಮೇಲೆ ಹೇಳುತ್ತಿದ್ದರು.

ಮೊದಲ ಸಲ ಅವರು ಕಂಡದ್ದು ಹೀಗೆ. ಲಾಂಡ್ರಿಯಲ್ಲೇ ರಿಂಗ್ ಕಟ್ಟಿದ್ದಾರೆ. ಸುತ್ತ ಜನರಿಲ್ಲ, ಸಾಲು ಸಾಲು ಹಾಸುಬಟ್ಟೆ ನೇತುಹಾಕಿದ್ದಾರೆ. ಗಾಳಿಯಿಲ್ಲ, ಆದರೂ ಬಟ್ಟೆಗಳು ಉಸಿರಾಡುತ್ತಿವೆ. ಹಬೆಯೊಳಗಿಂದ ಕ್ರೇನ್ ಬಂದ. ಬಂದ, ಬಂದ, ಬರುತ್ತಲೇ ಇದ್ದ. ಅಷ್ಟು ಉದ್ದ. ಇವರ ಕಣ್ಣಿಗೆ ನೇರವಾಗಿ ಅವನ ಎದೆ.

"ಹೆದರಿಕೆ ಆಯ್ತಾ?" ಎಂದೆ.

"ಇಲ್ಲ ಕಣೇ. ಅವನ ಚರ್ಮ ನೋಡ್ತಾ ನಿಂತ್ಬಿಟ್ಟೆ. ಒಂದು ಸುಕ್ಕಿಲ್ಲ. ಇಸ್ತ್ರಿ ಮಾಡಿಟ್ಟ ಹಾಗೆ."

ಪ್ರತಿ ಮಧ್ಯಾಹ್ನ ಅದೇ ಪಂದ್ಯ. ಸಂಜೆ ಗೋದಾಮಣ್ಣ ಬಂದರೆ ಅದರದ್ದೇ ಚರ್ಚೆ.

"ನಮ್ಮ ಕಾಲದ ಹೆವಿವೇಯ್ಟ್ ಅಂದ್ರೆ ಬಾಗಿಲಿಗೆ ತಲೆ ತಗಲೋನು. ಈಗಿನವನು ಬಾಗಿಲನ್ನೇ ಕಿತ್ತುಕೊಂಡು ಬರ್ತಾನೆ. ನಿಲ್ಲೋಕಾಗಲ್ಲ ಬಿಡೋ" ಎನ್ನುತ್ತಿದ್ದರು ಗೋದಾಮಣ್ಣ.

"ಉದ್ದ ಇರೋನು ನನಗೆ ಹೊಡೀಬೇಕಂದ್ರೆ ಬಗ್ಗಬೇಕು. ಬಗ್ಗಿದ್ರೆ ಮುಖ ನನ್ನ ಹತ್ರ ಬರುತ್ತೆ."

"ಬರುತ್ತೆ, ಜೊತೆಗೆ ನೂರಹದಿಮೂರು ಕಿಲೋನೂ ಬರುತ್ತೆ."

"ನಾನಲ್ಲಿ ಇದ್ರೆ ತಾನೇ?"

"ಅವನಿಗೆ ಊಟ ತೂಗಿ ಕೊಡೋಕೆ ಒಬ್ಬ, ಉಸಿರು ಎಣಿಸೋಕೆ ಒಬ್ಬ. ನಿನಗೆ ಯಾರಿದ್ರು? ಅತ್ತಿಗೆ ಒಬ್ಬರು."

"ಸಾಕಾಗಿತ್ತಲ್ಲೋ" ಎಂದು ನನ್ನ ಕಡೆ ನೋಡದೆಯೇ ಅಂದರು.

ಗೋದಾಮಣ್ಣ ಒಪ್ಪಿದ್ದು ಒಂದೇ. ಈಗಿನವರು ಸಂಜೆಯ ಪಂದ್ಯಕ್ಕೋಸ್ಕರ ಬೆಳಗ್ಗೆಯೆಲ್ಲ ಮಲಗುತ್ತಾರೆ. ನಾವು ಬೆಳಗ್ಗೆಯೆಲ್ಲ ಭಾರ ಹೊತ್ತು, ಸಂಜೆ ಹೊಡೆದಾಡಿದವರು. ಹತ್ತು ರೌಂಡ್ ದಾಟಿದರೆ ನಮ್ಮದು. ದಾಟುವುದು ಹೇಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಕನಸು ಮುಂದೆ ಹೋಯಿತು. ಒಂದು ಮಧ್ಯಾಹ್ನ ಎರಡನೇ ರೌಂಡ್ ದಾಟಿದರು. ಇನ್ನೊಂದು ದಿನ ನಾಲ್ಕು. ಕ್ರೇನ್ ತೋಳು ಚಾಚಿದರೆ ಅದು ಬರಲು ಬಹಳ ಹೊತ್ತು ಹಿಡಿಯುತ್ತದೆ, ದೂರದ ರೈಲು ಬಂದ ಹಾಗೆ, ಎಂದರು. ಅಷ್ಟರಲ್ಲಿ ತಾನು ಪಕ್ಕಕ್ಕೆ ಸರಿದು ಅವನ ಪಕ್ಕೆಗೆ ಎರಡು ಕೊಟ್ಟು ಬರಬಹುದು. ಕೊಟ್ಟರೆ ಏನಾಗುತ್ತೆ ಎಂದು ಕೇಳಿದೆ. "ಏನೂ ಆಗಲ್ಲ. ಒದ್ದೆ ಬಟ್ಟೆಗೆ ಹೊಡೆದ ಹಾಗೆ. ಆದ್ರೆ ಅವನು ನನ್ನ ನೋಡ್ತಾನೆ. ಮೊದಲು ನೋಡ್ತಿರಲಿಲ್ಲ." ಹೇಳುವಾಗ ಮುಖ ಹುಡುಗನಂತಾಗಿತ್ತು.

ಆದರೆ ಪ್ರತಿ ಸಲ ಐದನೇ ರೌಂಡಿಗೆ ಸೊಂಟ ಭಾರವಾಗುತ್ತಿತ್ತು. ಚಡ್ಡಿಯಲ್ಲಿ ಸೀಸ ಇದೆ. ಬೆಳಗ್ಗೆ ತೂಕ ಆಗಿದೆ, ಮಧ್ಯಾಹ್ನ ನಾನು ಬಿಚ್ಚಬೇಕಿತ್ತು, ಬಿಚ್ಚಿಲ್ಲ. ಕಾಲು ಎತ್ತಲು ಹೋದರೆ ಏಳುವುದಿಲ್ಲ. ಕ್ರೇನ್ ನಿಧಾನವಾಗಿ ಬಗ್ಗುತ್ತಾನೆ. ಅಲ್ಲಿಗೆ ಎಚ್ಚರ. ಗೆದ್ದದ್ದೂ ಇಲ್ಲ, ಬಿದ್ದದ್ದೂ ಇಲ್ಲ.

"ಸುಳ್ಳು ತೂಕ ಇಟ್ಕೊಂಡು ಆಡಿದ್ರೆ ಹೀಗೇ ಆಗೋದು" ಎಂದರು ಒಂದು ದಿನ. "ನಾನು ಈಗಿನವರ ಮುಂದೆ ನಿಲ್ತಿದ್ನಾ ಇಲ್ವಾ ಅಂತ ತಿಳೀಬೇಕಂದ್ರೆ ಮೊದಲು ನಾನು ಎಷ್ಟಿದ್ದೆ ಅಂತ ಹೇಳ್ಬೇಕಲ್ಲ. ಗೋದಾಮಿಗೆ ಹೇಳಿಬಿಡೋಣ ಕಣೇ."

"ಸುಮ್ನಿರಿ. ಈಗ ಹೇಳಿ ಯಾರನ್ನ ಉದ್ಧಾರ ಮಾಡ್ಬೇಕು?"

ಕೊನೆಯ ವಾರ ಅವರು ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಸೊಂಟ ಸವರಿಕೊಂಡು, "ಬಿಚ್ಚೇ, ಹೊತ್ತಾಯ್ತು, ಕರೀತಿದಾರೆ" ಎಂದರು. ನಾನು ಕತ್ತರಿ ತಂದು ಅವರ ಕಿವಿಯ ಹತ್ತಿರ ಗಾಳಿಯಲ್ಲಿ ಆಡಿಸಿದೆ. ಕಚ ಕಚ.

"ಎಲ್ಲಾ ಬಂತಾ?"

"ಎಲ್ಲಾ ಬಂತು."

"ಗೋದಾಮಿಗೆ ಹೇಳಿದ್ಯಾ?"

"ಹೇಳ್ದೆ."

ಎರಡೂ ಸುಳ್ಳು. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಮೂರನೇ ದಿನ ಹೋದರು. ನಾನು ಅವರಿಗೆ ಹೇಳಿದ ಕೊನೆಯ ಮಾತು ಸುಳ್ಳು. ಇದನ್ನು ಇಟ್ಟುಕೊಂಡು ಊಟ ಮಾಡುವುದು ಹೇಗೆ? ನಾಲ್ಕು ತಿಂಗಳು ಮಾಡಿದೆ.

ಗೋದಾಮಣ್ಣ ದಿನವೂ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಲೋಟ ಖಾಲಿ ಮಾಡಿ ಹೋಗುತ್ತಿದ್ದರು. ಪ್ರತಿ ದಿನ ನಿಜ ಬಾಯಿಯವರೆಗೆ ಬರುತ್ತಿತ್ತು. ಈ ಮನುಷ್ಯನೂ ಹೋದರೆ ಈ ಮನೆಯಲ್ಲಿ ಅವರ ಹೆಸರು ಎತ್ತುವವರು ಯಾರು ಎಂದು ನುಂಗುತ್ತಿದ್ದೆ.

ಆಮೇಲೆ ಮೊಮ್ಮಗಳು ಕರೆದಳು. "ಅಜ್ಜಿ, ಅಜ್ಜನ ಆಟ ಒಂದು ಉಳಿದಿದೆ. ಅಳತೆ ನಿಮಗೇ ಗೊತ್ತಿರೋದು." ಹೋದೆ. ಭಾನುವಾರ ಬೆಳಗ್ಗೆ. ಹಾಲಿನಲ್ಲಿ ಅವಳು, ಬೆಂಚಿನ ಮೇಲೆ ಗೋದಾಮಣ್ಣ, ಮೂಲೆಯಲ್ಲಿ ಮರಳಿನ ಚೀಲಕ್ಕೆ ಹೊಡೆಯುತ್ತಿದ್ದ ಇಬ್ಬರು.

"ಎತ್ತರ?"

ಹೇಳಿದೆ.

"ತೋಳು?"

ಹೆಗಲಿನಿಂದ ಮಣಿಕಟ್ಟಿನವರೆಗೆ ಎಷ್ಟು ಇಂಚು ಎಂದು ಹೇಳಿದೆ. ಆ ಕೈಗೆ ನಲವತ್ತು ವರ್ಷ ಅಂಗಿ ಹೊಲಿದಿದ್ದೇನೆ. ಹೇಳುವಾಗ ನನ್ನ ಬೆರಳು ತಾನಾಗಿ ಗಾಳಿಯಲ್ಲಿ ಅಳೆಯಿತು.

"ತೂಕ ಹಳೆ ರಿಜಿಸ್ಟರಲ್ಲಿದೆ. ಎಂಬತ್ತೊಂದೂವರೆ. ಹಾಕ್ಲಾ?"

ಬೆರಳು ಗುಂಡಿಯ ಮೇಲಿಟ್ಟು ನನ್ನ ಕಡೆ ನೋಡಿದಳು. ಸುಮ್ಮನೆ ತಲೆ ಆಡಿಸಿದ್ದರೆ ಮುಗಿದುಹೋಗುತ್ತಿತ್ತು.

"ಎಪ್ಪತ್ತೇಳು" ಎಂದೆ.

"ಅಜ್ಜಿ, ಅದು ಕಾಯಿಲೆ ಬಂದಾಗಿನದ್ದಿರಬೇಕು. ನನಗೆ ಆಗಿನದ್ದು ಬೇಕು."

"ಆಗಿನದ್ದೇ."

ಹೇಳಿದೆ. ಪರದೆಯ ಸೀಸ, ಹತ್ತಿ, ನೀರು, ಎಲ್ಲ. ಬಹಳ ಹೊತ್ತು ಬೇಕಾಗುತ್ತದೆ ಎಂದುಕೊಂಡಿದ್ದೆ. ನಾಲ್ಕು ಮಾತಿಗೆ ಮುಗಿಯಿತು. ಮೂಲೆಯವರು ಚೀಲ ಹಿಡಿದು ನಿಲ್ಲಿಸಿದರು.

ಗೋದಾಮಣ್ಣ ಒಂದೇ ಕೇಳಿದರು. "ಫೈನಲ್ ದಿನಾನೂ?"

"ಫೈನಲ್ ದಿನಾನೂ."

ಎದ್ದು ಮೆಟ್ಟಿಲು ಇಳಿದು ಹೋದರು. ಹೆಜ್ಜೆ ಸದ್ದು ಕೆಳಗಿನ ಟೈರ್ ಅಂಗಡಿಯವರೆಗೂ ಕೇಳಿಸಿತು.

ಹುಡುಗಿ ಎಪ್ಪತ್ತೇಳು ಒತ್ತಿದಳು. ಮಷೀನು ಬಿಡಲಿಲ್ಲ. ಕೆಂಪು ಅಕ್ಷರ ಬಂತು. ಈ ತೂಕದವನು ಕ್ರೇನ್ ಎದುರು ನಿಲ್ಲುವಂತಿಲ್ಲ. ತೂಕ ನೋಡುವವರನ್ನು ದಾಟಿದವರು ಮಷೀನನ್ನು ದಾಟಲಿಲ್ಲ.

"ಈ ರೂಲ್ ಆಫ್ ಮಾಡ್ಬಹುದು ಅಜ್ಜಿ. ಮಾಡ್ಲಾ?"

"ಬೇಡಮ್ಮ. ಇನ್ನೊಂದು ಸಲ ಕದ್ದು ಒಳಗೆ ಹೋಗೋದು ಬೇಡ. ಅವರ ತೂಕದವನು ಈಗ ಯಾರಿದಾನೆ?"

ಇದ್ದ. ಆ ತೂಕದ ಈಗಿನ ಚಾಂಪಿಯನ್. ಯಾರೋ ನನಗೆ ಗೊತ್ತಿಲ್ಲ, ಚುರುಕಾದ ಸಣ್ಣ ತಲೆಯವನು. ಪರದೆಯ ಮೇಲೆ ಎರಡು ಬೊಂಬೆ ಬಂದವು. ನೀಲಿ ಚಡ್ಡಿಯದ್ದು ಇವರಂತೆ. ನಿಲ್ಲುವ ರೀತಿ ಇವರದ್ದಲ್ಲ. ಆದರೂ ನೋಡುತ್ತಾ ನೋಡುತ್ತಾ ಕಣ್ಣು ಮಂಜಾಗಿ, ಸುತ್ತ ಬಿಳಿ ಹಬೆ ಎದ್ದಂತಾಗಿ, ಅದರೊಳಗಿಂದ ಎರಡು ಕೈ ಬಂದು ಹೋಗುವುದು ಮಾತ್ರ ಕಾಣಿಸಿತು. ನಾನು ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಐದನೇ ರೌಂಡ್ ದಾಟಿತು. ಎಂಟು ದಾಟಿತು. ಹನ್ನೆರಡನೇ ರೌಂಡಿಗೆ ಕೊನೆಯ ಗಂಟೆ ಬಾರಿಸಿತು. ಪಾಯಿಂಟಿನಲ್ಲಿ ಸೋತರು.

"ಸೋತ್ರು ಅಜ್ಜಿ" ಎಂದಳು ಹುಡುಗಿ ಮೆಲ್ಲಗೆ.

"ಬಿದ್ರಾ?"

"ಇಲ್ಲ. ನಿಂತೇ ಇದಾರೆ."

"ಹಾಗಾದ್ರೆ ಬರ್ಕೋ."

ಒಂಬತ್ತು ದಿನ ಗೋದಾಮಣ್ಣ ಬರಲಿಲ್ಲ. ನಾನು ದಿನವೂ ಎರಡು ಲೋಟ ಇಟ್ಟು ಒಂದನ್ನು ಹಾಗೇ ತೊಳೆದೆ. ಹತ್ತನೇ ದಿನ ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ. ಬಾಗಿಲಲ್ಲೇ ನಿಂತರು.

"ನೀರು ಸೇರಿಸಿ ಎಪ್ಪತ್ತೇಳಾ?"

"ಸೇರಿಸದೆ."

"ನನಗಿಂತ ಹತ್ತೊಂಬತ್ತು ಕಿಲೋ ಕಡಿಮೆ" ಎಂದರು. "ಹಾಲಿನವರು ಕೇಳಿದ್ರು ಅತ್ತಿಗೆ. ರೂಲ್ ಪ್ರಕಾರ ಆ ವರ್ಷ ನನ್ನದಂತೆ. ಬೇಕಾ ಅಂದ್ರು. ನಾನು ಬೇಡ ಅಂತೀನಿ ಅಂತ ಅವರೆಲ್ಲ ಕಾಯ್ತಿದ್ರು."

"ಏನಂದ್ರಿ?"

"ಬೇಕು ಅಂದೆ."

ನನ್ನ ಎದೆಗೆ ಒಂದು ಏಟು ಬಿದ್ದದ್ದು ನಿಜ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ತಪ್ಪು ಏನು? ನಲವತ್ತು ವರ್ಷ ಆ ಮನುಷ್ಯ ಸೋತವನಾಗಿ ನಮ್ಮ ಸ್ಟೂಲಿನ ಮೇಲೆ ಕೂತಿದ್ದರು.

ಬಣ್ಣ ಬಳಿಯುವವನು ಬಂದ ದಿನ ನನ್ನನ್ನೂ ಕರೆದುಕೊಂಡು ಹೋದರು. ಅವನು ಹನ್ನೊಂದನೇ ಸಾಲನ್ನು ಉಜ್ಜಿ ತೆಗೆದ. ಮರದ ಹಸಿ ಬಣ್ಣ ಕಂಡಿತು. ಅದರ ಮೇಲೆ ಗೋದಾಮಣ್ಣನ ಹೆಸರು ಬರೆದ. ಇಬ್ಬರೂ ತಲೆ ಎತ್ತಿ ನೋಡಿದೆವು. ಬಣ್ಣ ಇನ್ನೂ ಒದ್ದೆಯಾಗಿತ್ತು.

"ಚೆನ್ನಾಗಿದ್ಯಾ ಅತ್ತಿಗೆ?"

"ಚೆನ್ನಾಗಿದೆ."

ಗೋದಾಮಣ್ಣ ಹಲ್ಲು ಕಚ್ಚಿ, "ಬದುಕಿದ್ದಾಗ ಹೇಳಿದ್ದಿದ್ರೆ ಆ ನನ್ಮಗನ್ನ ಹಿಡಿದು ನಾಲ್ಕು ಬಾರಿಸ್ತಿದ್ದೆ" ಎಂದರು. ಕಣ್ಣಲ್ಲಿ ನೀರು.

"ಬಾರಿಸೋಕೆ ಸಿಗ್ತಿದ್ರಾ ಅವರು?"

ಗೋದಾಮಣ್ಣ ಯೋಚಿಸಿದರು.

"ಇಲ್ಲ" ಎಂದರು. "ಸಿಗ್ತಿರಲಿಲ್ಲ."